ಮಂದೆಯ ಲೆಕ್ಕ ತಾಳೆಯಾಗದ ಕಡೆ: ಅರ್ಖಾಂಗಾಯ್‌ನ ಪಶುಪಾಲಕರ ಜಮಾ-ಖರ್ಚು ಬರೆದುಕೊಳ್ಳುವ ಬಗೆ

ಮಂಗೋಲಿಯಾದ ಅರ್ಖಾಂಗಾಯ್ ಪ್ರಾಂತ್ಯದಂಥ ಕಡೆ ಪಶುಪಾಲಕ ಕುಟುಂಬಗಳ ಬದುಕನ್ನು ಅಳೆಯಲು ಹೊರಟವರು ಸಾಮಾನ್ಯವಾಗಿ ಆದಾಯದ ಪ್ರಶ್ನೆಯಿಂದ ಶುರು ಮಾಡುತ್ತಾರೆ. ನಾನು ಅದನ್ನು ಕೊನೆಗೆ ಇಟ್ಟುಕೊಂಡು, ಮಂದೆಯ ತಲೆಲೆಕ್ಕವನ್ನು ಮೊದಲು ಹಿಡಿಯುತ್ತೇನೆ. ಕಳೆದ ಡಿಸೆಂಬರಿನ ಸಂಖ್ಯೆಗೆ ಹುಟ್ಟಿದ್ದು, ಕೊಂಡದ್ದು, ಯಾರೋ ಕೊಟ್ಟದ್ದು ಕೂಡಿಸಬೇಕು. ಸತ್ತದ್ದು, ಕೊಯ್ದದ್ದು, ಮಾರಿದ್ದು, ಕೊಟ್ಟುಬಿಟ್ಟದ್ದು ಕಳೆಯಬೇಕು. ಉಳಿದದ್ದು ಇವತ್ತು ದೊಡ್ಡಿಯಲ್ಲಿರುವ ಸಂಖ್ಯೆಗೆ ಸರಿಹೊಂದಬೇಕು. ಬಹುತೇಕ ಹೊಂದುವುದಿಲ್ಲ. ಆ ವ್ಯತ್ಯಾಸವನ್ನು ಬೆನ್ನಟ್ಟಿದರೆ ಯಾರೂ ಕೇಳದೆ ಹೇಳದ ಕೊಡುಕೊಳ್ಳುವಿಕೆ ಹೊರಬರುತ್ತದೆ.

ಡಿಸೆಂಬರನ್ನೇ ಆರಿಸಲು ಕಾರಣವಿದೆ. ದೇಶದ ಜಾನುವಾರು ಗಣತಿ ಪ್ರತಿ ವರ್ಷದ ಕೊನೆಗೆ ನಡೆಯುತ್ತದೆ, ಹಾಗಾಗಿ ಆ ಸಂಖ್ಯೆ ಮನೆಯವರಿಗೆ ನೆನಪಿರುತ್ತದೆ. ಕುದುರೆ, ಒಂಟೆ, ದನ, ಕುರಿ, ಮೇಕೆ ಈ ಐದಕ್ಕೂ ಬೇರೆ ಬೇರೆ ಹಾಳೆ ಬೇಕು. ಯಾಕ್ ದನದ ಹಾಳೆಯಲ್ಲೇ ಬರುತ್ತದೆ. ಪ್ರತಿ ಹಾಳೆಯಲ್ಲೂ ಗಂಡು, ಹೆಣ್ಣು, ಬೀಜ ಹೊಡೆದದ್ದು, ಮರಿ ಎಂಬ ಅಂಕಣಗಳು. ಎಲ್ಲವನ್ನೂ ‘ಕುರಿ ತಲೆ’ಗೆ ಪರಿವರ್ತಿಸುವ ಸೂತ್ರವೂ ಇದೆ: ಕುದುರೆ 7, ದನ 6, ಒಂಟೆ 5, ಕುರಿ 1, ಮೇಕೆ 0.9. ಅದು ಹುಲ್ಲುಗಾವಲಿನ ಮೇಲೆ ಬೀಳುವ ಭಾರ ಅಳೆಯಲು ಸರಿ, ಹಾಲಿಗೂ ಹಣಕ್ಕೂ ಅಲ್ಲ. ಮೊದಲೇ ಪರಿವರ್ತಿಸಿ ಬರೆದರೆ ಕರೆಯುವ ಹಸುವೂ ಗೊಡ್ಡು ಹಸುವೂ ಒಂದೇ ಆಗಿಬಿಡುತ್ತವೆ.

ದೊಡ್ಡಿಯಲ್ಲಿರುವುದೆಲ್ಲ ಆ ಮನೆಯದೇ ಎಂದುಕೊಳ್ಳಬಾರದು. ಉಲಾನ್‌ಬಾತರ್‌ನಲ್ಲೋ ಸುಮ್ (ತಾಲ್ಲೂಕಿನಂಥ ಆಡಳಿತ ಘಟಕ) ಕೇಂದ್ರದಲ್ಲೋ ಇರುವ ಅಣ್ಣ, ಅತ್ತೆ, ಸೋದರಳಿಯನ ಕುರಿಗಳೂ ಅದರಲ್ಲಿ ಮೇಯುತ್ತಿರುತ್ತವೆ. ಕಿವಿಯ ಕತ್ತರಿಕೆ, ಕೊಂಬಿಗೆ ಬಳಿದ ಬಣ್ಣ, ಕುದುರೆಯ ತೊಡೆಯ ಮುದ್ರೆ ನೋಡಿ ಒಂದೊಂದು ಗುರುತೂ ಯಾರದೆಂದು ಕೇಳಿ. ಸಾಮಾನ್ಯವಾಗಿ ಹಾಲು ಮೇಯಿಸುವವರಿಗೆ, ಮರಿ ಒಡೆಯರಿಗೆ. ಉಣ್ಣೆ, ಕ್ಯಾಶ್ಮೀರ್ (ಮೇಕೆಯ ನವಿರಾದ ಒಳಗೂದಲು) ಯಾರಿಗೆ ಎಂಬುದು ಮನೆಮನೆಗೆ ಬೇರೆ. ‘ಮಂದೆ ಮೈತುಂಬಿಕೊಂಡಿದೆಯೇ’ ಎಂದು ವಿಚಾರಿಸುವುದು ಅಲ್ಲಿನ ಕುಶಲಪ್ರಶ್ನೆ. ‘ಎಷ್ಟಿವೆ’ ಎಂದು ಮೊದಲ ಮಾತಿಗೇ ಕೇಳಿದರೆ ಸರಿಯಾದ ಉತ್ತರ ಬರುವುದಿಲ್ಲ.

ಅತಿ ಹೆಚ್ಚು ತಪ್ಪಾಗುವುದು ಹಾಲಿನಲ್ಲಿ. ಬೇಸಿಗೆಯ ಒಂದು ಬಾಣಲೆ ಹಾಲನ್ನು ಹಿಂಬಾಲಿಸಿ ನೋಡಿ. ಕಾಯಿಸುತ್ತಾ ಸೌಟಿನಿಂದ ಎತ್ತಿ ಎತ್ತಿ ಹೊಯ್ದು ನೊರೆ ಎಬ್ಬಿಸುತ್ತಾರೆ, ರಾತ್ರಿಯಿಡೀ ತಣ್ಣಗಾಗಲು ಬಿಡುತ್ತಾರೆ. ಬೆಳಿಗ್ಗೆ ಮೇಲೆ ದಪ್ಪ ಕೆನೆ, ‘ಓರೊಮ್’. ಅದನ್ನು ಎಬ್ಬಿಸಿ ಅರ್ಧಚಂದ್ರದಂತೆ ಮಡಚಿಡುತ್ತಾರೆ. ಕೆಳಗಿನ ಹಾಲು ಹೆಪ್ಪಾಗಿ ‘ತರಗ್’. ಅದನ್ನು ಭಟ್ಟಿ ಇಳಿಸಿದರೆ ಸಾರಾಯಿ. ಉಳಿದ ಗಷ್ಟನ್ನು ಚೀಲದಲ್ಲಿ ಹಿಂಡಿ, ತುಂಡು ಮಾಡಿ, ಬಿಸಿಲಿಗೆ ಒಣಗಿಸಿದರೆ ‘ಆರುಲ್’. ಅಂದರೆ ಕೆನೆ, ಮೊಸರು, ಸಾರಾಯಿ, ಆರುಲ್ ನಾಲ್ಕನ್ನೂ ಬೇರೆ ಬೇರೆ ಉತ್ಪನ್ನವೆಂದು ಕೂಡಿಸಿದರೆ ಒಂದೇ ಹಾಲು ಪದೇ ಪದೇ ಎಣಿಕೆಗೆ ಬರುತ್ತದೆ. ನಾನು ಕರೆದ ಹಾಲನ್ನು ಮಾತ್ರ ಉತ್ಪಾದನೆ ಎಂದು ಬರೆದು, ಉಳಿದವನ್ನು ‘ಯಾವುದರಿಂದ’ ಎಂಬ ಅಂಕಣದೊಡನೆ ಪಕ್ಕದ ಪುಟಕ್ಕೆ ಹಾಕುತ್ತೇನೆ. ಅಳತೆಗೆ ಆ ಮನೆಯ ಬಕೆಟ್ಟೇ ಮಾನ. ಅದಕ್ಕೆ ನೀರು ತುಂಬಿಸಿ ಎಷ್ಟು ಲೀಟರ್ ಹಿಡಿಯುತ್ತದೆಂದು ಮೊದಲ ದಿನವೇ ನೋಡಿಕೊಂಡರೆ, ಆಮೇಲೆ ‘ಮುಕ್ಕಾಲು ಬಕೆಟ್’ ಎಂದರೂ ಸಾಕು. ಹೆಣ್ಣು ಕುದುರೆಯ ಹಾಲಿಗೆ ಬೇರೆ ಹಾಳೆ ಇರಲಿ. ಮರಿಗಳನ್ನು ಹಗ್ಗದ ಸಾಲಿಗೆ ಕಟ್ಟಿ ಹಗಲಿನಲ್ಲಿ ಸುಮಾರು ಎರಡು ಗಂಟೆಗೊಮ್ಮೆ ಕರೆಯುತ್ತಾರೆ. ದಿನಕ್ಕೆ ಒಂದೇ ಸಲ ಕೇಳಿ ಬರೆದರೆ ‘ಐರಗ್’ (ಆ ಹಾಲನ್ನು ಹುದುಗಿಸಿದ ಪಾನೀಯ) ಎಲ್ಲಿಂದ ಬಂತೆಂದು ಲೆಕ್ಕ ಸಿಗದು.

ಹಾಲಿನ ಲೆಕ್ಕವನ್ನು ಮನೆಯ ಹೆಂಗಸರನ್ನೇ ಕೇಳಿ. ಗಂಡಸರು ಮಾರಾಟದ ದರವನ್ನು ಚೆನ್ನಾಗಿ ಹೇಳುತ್ತಾರೆ, ಬಾಣಲೆಯಲ್ಲಿ ಎಷ್ಟಿತ್ತೆಂದು ಹೇಳಲಾರರು. ಎಷ್ಟೋ ಅಧ್ಯಯನಗಳಲ್ಲಿ ಈ ದುಡಿಮೆ ಒಂದು ಸಾಲಿಗೂ ಬಾರದೆ ಹೋಗುವುದು ನನಗೆ ಬೇಸರದ ವಿಷಯ.

ಸೌದೆ ವಿರಳವಾದ ಕಡೆ ಸಗಣಿಯೇ ಇಂಧನ. ಒಣಗಿದ ದನದ ಸಗಣಿ ‘ಅರ್ಗಲ್’. ಕುರಿ-ಮೇಕೆಯ ಹಿಕ್ಕೆ ದೊಡ್ಡಿಯಲ್ಲಿ ತುಳಿತಕ್ಕೆ ಸಿಕ್ಕಿ ಗಟ್ಟಿಯಾದದ್ದು ಇನ್ನೊಂದು ಬಗೆ. ಬೆನ್ನಿಗೆ ಹಾಕಿಕೊಳ್ಳುವ ಬುಟ್ಟಿಯನ್ನು ಸ್ಪ್ರಿಂಗ್ ತಕ್ಕಡಿಗೆ ಮೂರು ಸಲ ತೂಗಿ ಸರಾಸರಿ ಹಿಡಿದು, ದಿನಕ್ಕೆಷ್ಟು ಬುಟ್ಟಿ ಎಂದು ಕೇಳಿ. ಮಳೆಯಲ್ಲಿ ನೆನೆದದ್ದನ್ನು ತೂಗಬೇಡಿ. ಚಳಿಗಾಲಕ್ಕೂ ಬೇಸಿಗೆಗೂ ಒಂದೇ ಅಂಕಿ ಹಾಕಲೂ ಬೇಡಿ.

ಕ್ಯಾಶ್ಮೀರ್ ನಗದು ಬರುವ ಮುಖ್ಯ ದಾರಿ. ಏಪ್ರಿಲ್-ಮೇ ಹೊತ್ತಿಗೆ ಉಕ್ಕಿನ ಹಲ್ಲಿನ ಬಾಚಣಿಗೆಯಿಂದ ಬಾಚುತ್ತಾರೆ, ಮೇಕೆಗೆ ಸುಮಾರು 300 ಗ್ರಾಂ. ಇಲ್ಲಿ ದರ ಒಂದನ್ನೇ ಬರೆದರೆ ಸಾಲದು. ಚಳಿಗಾಲದಲ್ಲೇ ವ್ಯಾಪಾರಿಯಿಂದ ಹಿಟ್ಟು, ಚಹಾ ಕಡ ತಂದಿದ್ದರೆ ಆ ಹಿಟ್ಟಿನ ಮೂಟೆಗೆ ನಗದು ಬೆಲೆ ಎಷ್ಟು, ಕಡದ ಬೆಲೆ ಎಷ್ಟು, ಯಾವ ತಿಂಗಳು ತಂದದ್ದು ಎಂಬ ಮೂರೂ ಬೇಕು. ಬಡ್ಡಿ ಇರುವುದು ಆ ಅಂತರದಲ್ಲಿ.

ನೆರೆಯವರೊಡನೆ ನಡೆಯುವುದಕ್ಕೆ ಬೆಲೆ ಕಟ್ಟಲು ನಾನು ಆತುರಪಡುವುದಿಲ್ಲ. ಜೊತೆಗೆ ಬೀಡುಬಿಟ್ಟ ಮನೆಗಳು ಸರದಿಯಂತೆ ಕುರಿ ಮೇಯಿಸುತ್ತವೆ, ಕಂಬಳಿ ತಯಾರಿಗೂ ಬೀಡು ಬದಲಿಸುವುದಕ್ಕೂ ಆಳು ಕೊಡುತ್ತವೆ. ಪಾತ್ರೆಯಲ್ಲಿ ಏನಾದರೂ ಬಂದರೆ ಅದನ್ನು ಖಾಲಿಯಾಗಿ ಹಿಂತಿರುಗಿಸುವುದಿಲ್ಲ. ಆದ್ದರಿಂದ ‘ಏನು ಕೊಟ್ಟಿರಿ’ ಎನ್ನುವ ಬದಲು ‘ಈ ಪಾತ್ರೆ ಯಾರದು, ಏನು ಹೊತ್ತು ಬಂತು, ಏನು ಹೊತ್ತು ಹೋಗುತ್ತದೆ’ ಎಂದು ಕೇಳಿದರೆ ಎರಡೂ ಕಡೆಯ ಲೆಕ್ಕ ಸಿಗುತ್ತದೆ.

ವರ್ಷದ ಆಯ್ಕೆಯೂ ಮುಖ್ಯ. 2009-10ರ ‘ಝುದ್’ನಲ್ಲಿ (ಮಂದೆಗಳು ಸಾಯುವಂಥ ಕಡು ಚಳಿಗಾಲ) ದೇಶದಾದ್ಯಂತ 80 ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು. ಅಂಥ ಚಳಿಗಾಲದ ಮರುವರ್ಷ ಮನೆಗಳು ಮಾರುವುದನ್ನು ತಡೆದು ಮಂದೆ ಬೆಳೆಸುತ್ತವೆ. ಅದನ್ನು ಸಾಮಾನ್ಯ ವರ್ಷವೆಂದು ಹಿಡಿದರೆ ಎಲ್ಲ ಅಂದಾಜೂ ಕೆಳಗಿಳಿಯುತ್ತದೆ.

ಚಳಿ ಕಚ್ಚಿದ ಮೇಲೆ, ನವೆಂಬರಿನಿಂದ, ಚಳಿಗಾಲದ ಮಾಂಸ ‘ಇದೇಶ್’ ಕೊಯ್ಯುತ್ತಾರೆ. ಅದರಲ್ಲಿ ಒಂದು ಪಾಲು ನಗರದ ಬಂಧುಗಳಿಗೆ ಹೋಗುತ್ತದೆ. ಅತ್ತಲಿಂದ ಹಿಟ್ಟು, ಔಷಧ, ಸೆಪ್ಟೆಂಬರ್ 1ಕ್ಕೆ ಶಾಲೆ ಸೇರುವ ಮಕ್ಕಳಿಗೆ ಬಟ್ಟೆ ಬರುತ್ತವೆ, ಕೆಲವೊಮ್ಮೆ ಮಕ್ಕಳಿಗೆ ಆ ಮನೆಯಲ್ಲೇ ಊಟ-ವಸತಿ. ಹೀಗಾಗಿ ಅದೇ ನಮೂನೆಯನ್ನು ಉಲಾನ್‌ಬಾತರ್‌ನ ಬಂಧುಗಳ ಮನೆಯಲ್ಲೂ ತುಂಬಿಸಬೇಕು. ಎರಡೂ ಹೊಂದದಿದ್ದರೆ ಯಾವುದನ್ನೂ ತಿದ್ದಬೇಡಿ: ಕೊಟ್ಟವರ ಅಂಕಿ, ಪಡೆದವರ ಅಂಕಿ ಎರಡನ್ನೂ ಪಕ್ಕಪಕ್ಕ ಬರೆದು, ಮುಂದಿನ ಸಲ ಎರಡೂ ಮನೆಗಳಲ್ಲಿ ಆ ಸಾಲನ್ನೇ ಮೊದಲು ಕೇಳಿ.