ಹಳೇ ರೌಟರ್‌ಗೆ ಹೊಸ ಮೋಟಾರ್: ಮೊದಲು ಗ್ಯಾಂಟ್ರಿ ತೂಕ ಹಾಕಿ

ಬಾಗಿಲು ಕೆತ್ತುವ ಹಳೇ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ರೌಟರ್‌ಗಳಿಗೆ ಮೋಟಾರ್ ಬದಲಿಸಿಕೊಡುವುದು ನನ್ನ ಕೆಲಸ. ಬಂದವರೆಲ್ಲ ಕೇಳುವುದು, "ಎಷ್ಟು ವ್ಯಾಟ್ ಹಾಕಿಸ್ಬೇಕು ಸಾರ್?" ನಾನು ಕೇಳುವುದು, "ಗ್ಯಾಂಟ್ರಿ ಎಷ್ಟು ಕೆಜಿ ಇದೆ?" ಗ್ಯಾಂಟ್ರಿ ಅಂದರೆ ಕೆತ್ತುವ ತಲೆಯನ್ನು ಹೊತ್ತು ಮೇಜಿನುದ್ದಕ್ಕೂ ಓಡಾಡುವ ಅಡ್ಡ ಸೇತುವೆ.

ತೂಕ ಹಾಕುವುದೇನು ಕಷ್ಟವಲ್ಲ. ಗ್ಯಾಂಟ್ರಿಯನ್ನು ರೈಲಿಗೆ ಹಿಡಿದಿಡುವ ಗೈಡ್ ಬ್ಲಾಕಿನ ಬೋಲ್ಟ್ ಬಿಚ್ಚಿ. ಚೈನ್ ಬ್ಲಾಕ್‌ಗೆ ಕ್ರೇನ್ ಸ್ಕೇಲ್ ಸಿಕ್ಕಿಸಿ ಒಂದೊಂದೇ ಬದಿಯನ್ನು ಚೂರು ಎತ್ತಿ, ಎರಡೂ ಅಂಕಿ ಕೂಡಿಸಿ. ಆಮೇಲೆ ಬೋಲ್ಟ್ ಬಿಗಿದು, ಪಿನಿಯನ್ (ರ್‍ಯಾಕ್ ಎಂಬ ಹಲ್ಲಿನ ಪಟ್ಟಿಯ ಮೇಲೆ ಉರುಳುವ ಹಲ್ಲುಚಕ್ರ) ಬಿಡಿಸಿ, ಸೂಟ್‌ಕೇಸ್ ತೂಗುವ ಕೊಕ್ಕೆ ಸ್ಕೇಲಿನಿಂದ ಗ್ಯಾಂಟ್ರಿಯನ್ನು ಮೆಲ್ಲಗೆ ಎಳೆಯಿರಿ. 12 ಕೆಜಿ ತೋರಿಸಿದರೆ ಘರ್ಷಣೆ ಸುಮಾರು 120 ನ್ಯೂಟನ್. ನಡುವೆ ಒಂದು ಕಡೆ ಮಾತ್ರ ಅಂಕಿ ಏರಿದರೆ ಅಲ್ಲಿ ರೈಲು ವಾರೆಯಾಗಿದೆ. ಅದನ್ನು ಸರಿಮಾಡದೆ ಮೋಟಾರ್ ಕೊಳ್ಳಬೇಡಿ.

ಈಗ ಲೆಕ್ಕ. ಗ್ಯಾಂಟ್ರಿ 120 ಕೆಜಿ, ಸೆಕೆಂಡಿಗೆ 2 ಮೀಟರ್/ಸೆಕೆಂಡ್‌ನಂತೆ ವೇಗ ಏರಬೇಕು ಅಂದುಕೊಳ್ಳಿ. ಅದಕ್ಕೆ 240 ನ್ಯೂಟನ್ ಬಲ ಬೇಕು. ಘರ್ಷಣೆ 120, ಕಟಿಂಗ್‌ಗೆ 140 ಸೇರಿಸಿದರೆ 500. ಮಾಡ್ಯೂಲ್ (ಹಲ್ಲಿನ ಅಳತೆ) 1.5ರ 20 ಹಲ್ಲಿನ ಪಿನಿಯನ್ ಆದರೆ ತ್ರಿಜ್ಯ 15 ಮಿಮೀ, ಟಾರ್ಕ್ (ತಿರುಗಿಸುವ ಬಲ) 7.5 ನ್ಯೂಟನ್ ಮೀಟರ್. 5:1 ಗೇರ್‌ಬಾಕ್ಸ್ ಹಿಂದಿನ ಮೋಟಾರಿಗೆ ನಷ್ಟವೂ ಸೇರಿ 1.6. ಎರಡು ಬದಿಗೆ ಎರಡು ಮೋಟಾರ್ ಇದ್ದರೂ ಅರ್ಧರ್ಧ ಹಂಚಬೇಡಿ. ಸ್ಪಿಂಡಲ್ (ಕೆತ್ತುವ ತಲೆ) ಒಂದು ತುದಿಗೆ ಹೋದಾಗ ಆ ಬದಿಯ ಮೋಟಾರೇ ಜಾಸ್ತಿ ಎಳೆಯಬೇಕು. ನಾನು ಹಾಕುವುದು 750 ವ್ಯಾಟ್ ಎಸಿ ಸರ್ವೋ (ಎಲ್ಲಿದ್ದೇನೆಂದು ಅಳೆದು ತಿದ್ದಿಕೊಳ್ಳುವ ಮೋಟಾರ್): 3000 ಆರ್‌ಪಿಎಂನಲ್ಲೂ (ನಿಮಿಷಕ್ಕೆ ಸುತ್ತು) 2.4 ನ್ಯೂಟನ್ ಮೀಟರ್ ಕೊಡುತ್ತದೆ, ಸಿಂಗಲ್ ಫೇಸ್ ಸಾಕು.

"8.5 ನ್ಯೂಟನ್ ಮೀಟರ್ ಅಂತ ಬರೆದಿರೋ ಸ್ಟೆಪ್ಪರ್ ಅಗ್ಗಕ್ಕೆ ಸಿಗುತ್ತಲ್ಲ?" ಸಿಗುತ್ತದೆ. ಆದರೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಆ ಮೋಟಾರಿನ 8.5 ನಿಂತಾಗಿನ ಟಾರ್ಕ್. ಈ ಗೇರಿಂಗ್‌ನಲ್ಲಿ ನಿಮಿಷಕ್ಕೆ 30 ಮೀಟರ್ ಓಡಲು ಮೋಟಾರ್ ಸುಮಾರು 1600 ಆರ್‌ಪಿಎಂ ತಿರುಗಬೇಕು. ಅಲ್ಲಿ ಸ್ಟೆಪ್ಪರ್ ಸುಸ್ತು. ಡೇಟಾಶೀಟಿನಲ್ಲಿ ಆರ್‌ಪಿಎಂ ಏರಿದಂತೆ ಟಾರ್ಕ್ ಇಳಿಯುವ ಗೆರೆ ಇರುತ್ತದೆ, ಅದನ್ನು ನೋಡಿ.

ಗೇರ್‌ಬಾಕ್ಸಿನ ದುಡ್ಡು ಉಳಿಸೋಣ ಅನ್ನುವವರೂ ಇದ್ದಾರೆ. 5:1 ತೆಗೆದರೆ ಮೋಟಾರಿಗೆ ಕಾಣುವ ಜಡತ್ವ (ವೇಗ ಬದಲಿಸಲು ಒಡ್ಡುವ ತಡೆ) 25 ಪಟ್ಟು ಆಗುತ್ತದೆ, ಗ್ಯಾಂಟ್ರಿ ಓಲಾಡುತ್ತದೆ.

ರ್‍ಯಾಕ್ ಬದಲು ಬಾಲ್ ಸ್ಕ್ರೂ (ತಿರುಗಿ ಗ್ಯಾಂಟ್ರಿ ತಳ್ಳುವ ಉದ್ದನೆಯ ತಿರುಪು) ಇದೆಯಾ? 25 ಮಿಮೀ ದಪ್ಪ, 2.5 ಮೀಟರ್ ಉದ್ದದ್ದು ಸುಮಾರು 500 ಆರ್‌ಪಿಎಂ ದಾಟಿದರೆ ಹಗ್ಗದಂತೆ ಬಡಿಯತೊಡಗುತ್ತದೆ. 10 ಮಿಮೀ ಪಿಚ್ (ಒಂದು ಸುತ್ತಿಗೆ ಸರಿಯುವ ದೂರ) ಇದ್ದರೂ ನಿಮಿಷಕ್ಕೆ 5 ಮೀಟರ್ ಅಷ್ಟೇ. ಎಂಥ ಮೋಟಾರ್ ಹಾಕಿದರೂ ದುಡ್ಡು ದಂಡ.

ಇನ್ನೊಂದು ವಿಷಯ. ದೇವರ ಮನೆ ಬಾಗಿಲಿನ ಬಳ್ಳಿ ಕೆತ್ತನೆಯಲ್ಲಿ ಒಂದೊಂದು ಗೆರೆ 30-40 ಮಿಮೀ. ಮೇಲಿನ ಲೆಕ್ಕದಂತೆ ನಿಮಿಷಕ್ಕೆ 30 ಮೀಟರ್ ವೇಗ ಮುಟ್ಟಿ ಮತ್ತೆ ನಿಲ್ಲಲು 125 ಮಿಮೀ ಬೇಕು. ಅಂಥ ಕೆಲಸಕ್ಕೆ ಟಾಪ್ ಸ್ಪೀಡ್ ಸುಮ್ನೆ ಜಂಭ. ಗ್ಯಾಂಟ್ರಿಯಿಂದ 20 ಕೆಜಿ ಇಳಿಸಿದರೆ ವೇಗ ಬೇಗ ಏರುತ್ತದೆ, ಅದೇ ಹೆಚ್ಚು ಲಾಭ.

ಸ್ಪಿಂಡಲನ್ನು ಮೇಲೆ-ಕೆಳಗೆ ಆಡಿಸುವ ಜೆಡ್ ಆಕ್ಸಿಸ್‌ಗೆ ಮಾತ್ರ ಬ್ರೇಕ್ ಇರುವ ಮೋಟಾರನ್ನೇ ತನ್ನಿ. ಇಲ್ಲದಿದ್ದರೆ ಕರೆಂಟ್ ಹೋದ ತಕ್ಷಣ ಸ್ಪಿಂಡಲ್ ಜಾರಿ ತೇಗದ ಮೇಲೆ ಕೂರುತ್ತದೆ.