ಭಾನುವಾರದ ಒಂದು ತಾಸಿನ ಆರಾಧನೆಗೆ ಆರು ದಿನದ ಕೆಲಸ

ಅಮೆರಿಕದ ಮಿನ್ನೆಸೋಟ ರಾಜ್ಯದ ದಕ್ಷಿಣ ಭಾಗದಲ್ಲಿ, ಗೋವಿನಜೋಳ ಮತ್ತು ಸೋಯಾಬೀನ್ ಹೊಲಗಳ ನಡುವೆ ಒಂದು ಸಣ್ಣ ಊರಿದೆ. ಅಲ್ಲಿನ ಲೂಥರನ್ ಸಭೆಯ, ಅಂದರೆ ಪ್ರಾಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡದ ಚರ್ಚಿನ, ಆಫೀಸು ನೋಡಿಕೊಳ್ಳುವುದು ನನ್ನ ಕೆಲಸ. ಸಂಬಳ ವಾರದಲ್ಲಿ ಕೆಲವು ಬೆಳಿಗ್ಗೆಗಳಿಗೆ ಮಾತ್ರ. ಉಳಿದದ್ದನ್ನು ಸಭೆಯವಳಾಗಿ ಮಾಡುತ್ತೇನೆ. ಭಾನುವಾರ ನಲವತ್ತು ಜನ ಬಂದರೆ ನಮಗೆ ಒಳ್ಳೆಯ ಹಾಜರಿ.

ನಾನು ಧಾರವಾಡದವಳು, ಬಾಸೆಲ್ ಮಿಶನ್ ಮನೆತನ. ಸ್ವಿಟ್ಜರ್‌ಲ್ಯಾಂಡಿನಿಂದ 1834ರಲ್ಲಿ ಮಂಗಳೂರಿಗೆ ಬಂದ ಆ ಕ್ರೈಸ್ತ ಮಿಶನ್‌ನಲ್ಲಿ ದಕ್ಷಿಣ ಜರ್ಮನಿಯ ಕಡೆಯವರು ಜಾಸ್ತಿ ಇದ್ದರು. ಅವರು ತಂದ ರಾಗಗಳನ್ನೇ ನಾವು ಕನ್ನಡದ ಮಾತುಗಳಲ್ಲಿ ಹಾಡುತ್ತಾ ಬೆಳೆದೆವು. ಹಾಗಾಗಿ ಮದುವೆಯಾಗಿ ಇಲ್ಲಿಗೆ ಬಂದ ಮೇಲೆ, ಈ ಚರ್ಚಿನಲ್ಲಿ ಎಷ್ಟೋ ಹಾಡುಗಳ ರಾಗ ನನಗೆ ಮೊದಲೇ ಬರುತ್ತಿತ್ತು. ಈ ಕಡೆಯ ಹಳೇ ಸಭೆಗಳನ್ನು ಕಟ್ಟಿದವರು ನಾರ್ವೆ, ಸ್ವೀಡನ್, ಜರ್ಮನಿಯಿಂದ ಬಂದ ರೈತರು. ಅವರ ಮೊಮ್ಮಕ್ಕಳು, ಮರಿಮಕ್ಕಳು ಇವತ್ತಿಗೂ ಅದೇ ಬೆಂಚುಗಳಲ್ಲಿ ಕೂರುತ್ತಾರೆ.

ಸಣ್ಣ ಸಭೆ ಹೇಗೆ ನಡೆಯುತ್ತದೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ. ಪ್ರತಿ ಕೆಲಸಕ್ಕೂ ಒಬ್ಬರ ಹೆಸರು ಇರಬೇಕು. "ಯಾರಾದರೂ ಸಹಾಯ ಮಾಡಿ" ಎಂದು ಆರಾಧನೆಯ ಕೊನೆಗೆ ಹೇಳಿದರೆ ಯಾರೂ ಮುಂದೆ ಬರುವುದಿಲ್ಲ. "ಮುಂದಿನ ಭಾನುವಾರ ಯೆಶಾಯನ ಪಾಠ ನೀವು ಓದ್ತೀರಾ?" ಎಂದು ಫೋನ್ ಮಾಡಿ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಒಪ್ಪುತ್ತಾರೆ. ಈಮೇಲ್‌ಗಿಂತ ಫೋನೇ ಒಳ್ಳೆಯದು. ಫೋನಿನಲ್ಲಿ ಮಂಡಿ ನೋವಿನ ಸುದ್ದಿ, ಮೊಮ್ಮಗಳ ಪರೀಕ್ಷೆಯ ಸುದ್ದಿ ಎಲ್ಲಾ ಬರುತ್ತದೆ. ಸಭೆಗೆ ಬೇಕಾದದ್ದು ಆ ಸುದ್ದಿಯೇ ಅಲ್ವಾ?

ನಮ್ಮ ಪಾಸ್ಟರ್ ನಮಗೊಬ್ಬರಿಗೇ ಅಲ್ಲ. ಪಕ್ಕದ ಊರಿನ ಇನ್ನೊಂದು ಸಭೆಯನ್ನೂ ಅವರೇ ನೋಡುತ್ತಾರೆ. ಇಲ್ಲಿ ಎಂಟೂವರೆಯ ಆರಾಧನೆ ಮುಗಿಸಿ, ಕಾರು ಹತ್ತಿ, ಅಲ್ಲಿ ಹತ್ತೂವರೆಗೆ ಮತ್ತೆ ಶುರು ಮಾಡುತ್ತಾರೆ. ಈ ಭಾಗದಲ್ಲಿ ಇದು ಮಾಮೂಲು. ಹೀಗಿರುವಾಗ ಪಾಸ್ಟರ್ ಮಾಡಲೇಬೇಕಾದ ಕೆಲಸ ಬಿಟ್ಟು ಬೇರೆಲ್ಲವೂ ಸಭೆಯವರ ಕೈಗೆ ಬರುತ್ತದೆ. ಅದು ಕೊರತೆ ಎಂದು ನನಗೆ ಅನ್ನಿಸಿಲ್ಲ.

ನನ್ನ ವಾರ ಶುರುವಾಗುವುದು ಆರಾಧನೆಯ ಹಾಳೆಯಿಂದ. ಓದುವ ಬೈಬಲ್ ಪಾಠಗಳನ್ನು ನಾವು ಆರಿಸುವುದಿಲ್ಲ. ಅನೇಕ ಪ್ರಾಟೆಸ್ಟೆಂಟ್ ಸಭೆಗಳು ಬಳಸುವ ಮೂರು ವರ್ಷದ ಪಟ್ಟಿ ಇದೆ. ಯೇಸುವಿನ ಕಥೆ ಹೇಳುವ ಸುವಾರ್ತೆಗಳಲ್ಲಿ ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಯೋಹಾನನ ಸುವಾರ್ತೆ ಹಬ್ಬದ ಕಾಲಗಳಲ್ಲಿ ಬರುತ್ತದೆ. ಮಾರ್ಕನ ವರ್ಷದ ಬೇಸಿಗೆಯಲ್ಲಿ ಮಾತ್ರ ಯೋಹಾನ ಆರನೇ ಅಧ್ಯಾಯ ಐದು ಭಾನುವಾರ ಸತತವಾಗಿ ಬರುತ್ತದೆ. ಐದೂ ವಾರ, ಯೇಸು ತನ್ನನ್ನೇ ಕರೆದುಕೊಂಡ ಜೀವದ ರೊಟ್ಟಿಯ ಮಾತೇ. ರೊಟ್ಟಿಯ ಬಗ್ಗೆ ಇರುವ ಹಾಡುಗಳೆಲ್ಲಾ ಮೂರನೇ ವಾರಕ್ಕೇ ಮುಗಿದುಹೋಗುತ್ತವೆ. ಆ ಬೇಸಿಗೆಗೆ ನಾನು ವಸಂತ ಕಾಲದಲ್ಲೇ ಪಾಸ್ಟರ್ ಜೊತೆ ಕೂತು ಹಾಡುಗಳ ಪಟ್ಟಿ ಮಾಡಿಟ್ಟುಕೊಳ್ಳುತ್ತೇನೆ.

ಹಾಳೆಗೆ ನಾನು ಇಟ್ಟುಕೊಂಡ ನಿಯಮ ಇದು: ಮೊದಲ ಸಲ ಬಂದವರು ಪಕ್ಕದವರನ್ನು ಕೇಳದೆ ಕೊನೆಯವರೆಗೂ ಆರಾಧನೆಯಲ್ಲಿ ಸೇರುವಂತಿರಬೇಕು. ಎಲ್ಲಿ ನಿಲ್ಲಬೇಕು, ಎಲ್ಲಿ ಕೂರಬೇಕು, ಪಾಪದ ಅರಿಕೆ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ, ಎಲ್ಲಾ ಅಚ್ಚಾಗಿರುತ್ತದೆ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗಬೇಕು ಎಂಬುದನ್ನೂ ಬರೆಯುತ್ತೇನೆ. ಹೊಸಬರಿಗೆ ಜಾಸ್ತಿ ಹೆದರಿಕೆ ಆಗುವುದು ಅಲ್ಲೇ. ದೊಡ್ಡಕ್ಷರದ ಪ್ರತಿಗಳು ಬಾಗಿಲ ಹತ್ತಿರದ ಮೇಜಿನ ಮೇಲೆ ಇರುತ್ತವೆ. ಅವನ್ನು ಬೇರೆ ಬಣ್ಣದ ಕಾಗದದಲ್ಲಿ ಮುದ್ರಿಸುವುದಿಲ್ಲ. ಕಣ್ಣು ಮಂಜಾದದ್ದು ಎಲ್ಲರಿಗೂ ಗೊತ್ತಾಗಬೇಕಿಲ್ಲ.

ಪ್ರಾರ್ಥನೆಯ ಪಟ್ಟಿಗೆ ಇನ್ನೂ ಜಾಗ್ರತೆ ಬೇಕು. ಕಾಯಿಲೆಯಲ್ಲಿರುವವರನ್ನು ಕೇಳದೆ ಅವರ ಹೆಸರು ಹಾಕಬಾರದು. ಹಾಕಿದರೂ ಹೆಸರು ಮಾತ್ರ, ಕಾಯಿಲೆ ಬೇಡ. ಸಣ್ಣ ಊರಲ್ಲಿ ಒಂದು ಸಾಲು ಸಾಕು, ಸೋಮವಾರದ ಹೊತ್ತಿಗೆ ಊರೆಲ್ಲಾ ಗೊತ್ತಾಗಿರುತ್ತದೆ.

ಬುಧವಾರ ಸಂಜೆ ಮಕ್ಕಳದ್ದು. ಏಳನೇ ಕ್ಲಾಸಿನಿಂದ ಒಂಬತ್ತನೇ ಕ್ಲಾಸಿನವರೆಗಿನ ಮಕ್ಕಳು ದೃಢೀಕರಣಕ್ಕೆ, ಅಂದರೆ ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ಒಪ್ಪಿಕೊಳ್ಳುವ ವಿಧಿಗೆ, ಓದುತ್ತಾರೆ. ಈ ಭಾಗದ ಶಾಲೆಗಳೂ ಬುಧವಾರ ಸಂಜೆಯನ್ನು ಆದಷ್ಟು ಖಾಲಿ ಬಿಡುತ್ತವೆ. ಮಾರ್ಟಿನ್ ಲೂಥರ್ 1529ರಲ್ಲಿ ಮನೆಯ ಹಿರಿಯರು ಮಕ್ಕಳಿಗೆ ಕಲಿಸಲಿ ಎಂದು ಬರೆದ ಚಿಕ್ಕ ಪ್ರಶ್ನೋತ್ತರಿಯೇ ಅವರ ಪಾಠ. ನಮ್ಮಲ್ಲಿ ಈಗ ಮಕ್ಕಳು ಒಂದು ಕೈಯ ಬೆರಳಿಗೂ ಕಡಿಮೆ. ಪಕ್ಕದ ಊರಿನ ಸಭೆಯವರ ಜೊತೆ ಸೇರಿಸಿ ನಡೆಸುತ್ತೇವೆ. ಈಸ್ಟರ್‌ಗೆ ಮುಂಚಿನ ಶ್ರಮಕಾಲದಲ್ಲಿ ಮಾತ್ರ ಬುಧವಾರ ಇಡೀ ಸಭೆ ಬರುತ್ತದೆ. ಮೊದಲು ನೆಲಮಾಳಿಗೆಯಲ್ಲಿ ಸೂಪು, ಬ್ರೆಡ್ಡು. ಆಮೇಲೆ ಮೇಲೆ ಅರ್ಧ ಗಂಟೆಯ ಸಂಜೆ ಪ್ರಾರ್ಥನೆ. ನಾನು ಒಂದು ವಾರ ಬೇಳೆ ಸಾರು ಮಾಡುತ್ತೇನೆ. ಒಗ್ಗರಣೆಗೆ ಸಾಸಿವೆ, ಕರಿಬೇವು ಸರಿ. ಖಾರ ಮಾತ್ರ ಬೇರೆ ಬಟ್ಟಲಲ್ಲಿ ಇಡುತ್ತೇನೆ.

ಗುರುವಾರ ಬೆಳಿಗ್ಗೆ ಎಂದರೆ ನನಗೆ ಬಲು ಇಷ್ಟ. ಅವತ್ತು ಕೌದಿಯ ದಿನ. ಇಲ್ಲಿಯವರು ಅದನ್ನು ಕ್ವಿಲ್ಟ್ ಎನ್ನುತ್ತಾರೆ. ಆದರೆ ಹಳೇ ಬಟ್ಟೆಯ ತುಂಡುಗಳನ್ನು ಜೋಡಿಸಿ, ಪದರ ಪದರ ಇಟ್ಟು, ಹೊದೆಯಲು ಬರುವಂತೆ ಮಾಡುವುದು ಧಾರವಾಡದ ಓಣಿಗಳಲ್ಲಿ ನಾನು ನೋಡಿದ ಕೆಲಸವೇ. ನಮ್ಮಲ್ಲಿ ಉದ್ದಕ್ಕೂ ಕೈಹೊಲಿಗೆ ಹಾಕುತ್ತಾರೆ. ಇಲ್ಲಿ ಅಷ್ಟು ಹೊಲಿಯುವುದಿಲ್ಲ. ಮೇಲೆ ಚೌಕಗಳ ಹಾಸು, ನಡುವೆ ಹಳೇ ಕಂಬಳಿ, ಕೆಳಗೆ ಹಾಸಿಗೆಯ ಬಟ್ಟೆ. ಮೂರನ್ನೂ ಮೇಜಿನ ಮೇಲೆ ಹರಡಿ, ಗೇಣಿಗೊಂದರಂತೆ ದಪ್ಪ ದಾರ ಚುಚ್ಚಿ ಗಂಟು ಹಾಕುತ್ತಾರೆ. ಗಂಟು ಎರಡು ಸಲ ಬಿಗಿಯಬೇಕು. ದಾರದ ತುದಿ ತೀರಾ ಗಿಡ್ಡ ಕತ್ತರಿಸಿದರೆ ಒಗೆದಾಗ ಬಿಚ್ಚಿಕೊಳ್ಳುತ್ತದೆ.

ಇವು ಹೋಗುವುದು ಲೂಥರನ್ ವರ್ಲ್ಡ್ ರಿಲೀಫ್ ಎಂಬ ಸಂಸ್ಥೆಗೆ. ಎರಡನೇ ಮಹಾಯುದ್ಧ ಮುಗಿದ ವರ್ಷ, 1945ರಲ್ಲಿ, ಯುರೋಪಿನ ನಿರಾಶ್ರಿತರಿಗೆ ನೆರವಾಗಲು ಶುರುವಾದದ್ದು. ಈಗ ಯುದ್ಧ, ಭೂಕಂಪ, ಬರ ಎಂದು ಮನೆ ಬಿಟ್ಟವರಿಗೆ ಹಲವು ದೇಶಗಳಲ್ಲಿ ಕೌದಿ ಮುಟ್ಟಿಸುತ್ತದೆ. ಅಳತೆ ಒಂದೇ, 60 ಇಂಚು ಅಗಲ, 80 ಇಂಚು ಉದ್ದ. ಒಂದೇ ಅಳತೆ ಇದ್ದರೆ ಕಟ್ಟು ಕಟ್ಟುವುದೂ ಸುಲಭ, ಹಂಚುವುದೂ ಸುಲಭ. ಅದರ ಮೇಲೆ ಧ್ವಜವಾಗಲಿ, ಧರ್ಮದ ಗುರುತಾಗಲಿ ಇರಬಾರದು. ಈ ನಿಯಮ ಓದಿದಾಗ ನನಗೆ ತುಂಬಾ ಮೆಚ್ಚುಗೆಯಾಯಿತು. ಚಳಿಯಲ್ಲಿ ಇರುವವರಿಗೆ ಕೌದಿ ಕೊಟ್ಟರೆ ಕೌದಿಯಷ್ಟೇ ಕೊಡಬೇಕು.

ಹೊಲಿಯುವವರಲ್ಲಿ ಮುಕ್ಕಾಲು ಪಾಲು ಎಂಬತ್ತು ದಾಟಿದ ಹೆಂಗಸರು. ಸೂಜಿಗೆ ದಾರ ಪೋಣಿಸಲಾಗದ ಒಬ್ಬ ಅಜ್ಜಿಗೆ ಚೌಕಗಳ ಬಣ್ಣ ಜೋಡಿಸುವ ಕೆಲಸ. ಕಡು ನೀಲಿಯ ಪಕ್ಕ ಕಂದು ಬಂದರೆ ಅವರು ಒಪ್ಪುವುದಿಲ್ಲ. ತೆಗೆದು ಬೇರೆ ಇಡಲೇಬೇಕು. ಎಲ್ಲೋ ದೂರದ ಡೇರೆಯಲ್ಲಿ ಮಲಗುವವರಿಗೂ ಚೆಂದದ ಕೌದಿ ಬೇಕು ಎನ್ನುವುದು ಅವರ ವಾದ. ಈ ಸುದ್ದಿ ಕೇಳಿದ ಅವ್ವ ಫೋನಿನಲ್ಲಿ ಹೇಳಿದ್ದು: "ಅಂಚು ಗಟ್ಟಿ ಮಾಡವಾ, ಕೌದಿ ಮೊದ್ಲ ಹರಿಯೂದು ಅಲ್ಲಿಂದನ." ಅಂದಿನಿಂದ ಹಿಂದಿನ ಬಟ್ಟೆಯನ್ನು ಒಂದಿಷ್ಟು ದೊಡ್ಡದಾಗಿ ಕತ್ತರಿಸಿ, ಮುಂದಕ್ಕೆ ಎರಡು ಮಡಿಕೆ ತಂದು ಹೊಲಿಗೆ ಹಾಕುತ್ತೇವೆ.

ಶರತ್ಕಾಲದಲ್ಲಿ ಲಾರಿಗೆ ಹಾಕುವ ಮುಂಚಿನ ಭಾನುವಾರ, ವರ್ಷವಿಡೀ ಮಾಡಿದ ಕೌದಿಗಳನ್ನೆಲ್ಲಾ ಬೆಂಚುಗಳ ಬೆನ್ನ ಮೇಲೆ ಹಾಸುತ್ತೇವೆ. ಜನ ಅದಕ್ಕೇ ಒರಗಿ ಕೂರುತ್ತಾರೆ. ಪ್ರಾರ್ಥನೆಯ ಹೊತ್ತಿಗೆ ಎಲ್ಲರೂ ತಮ್ಮ ಮುಂದಿನ ಕೌದಿಯ ಮೇಲೆ ಕೈ ಇಡುತ್ತಾರೆ. ಖಾಲಿ ಬೆಂಚುಗಳೂ ಅವತ್ತು ತುಂಬಿರುತ್ತವೆ.

ಶನಿವಾರ ಮಧ್ಯಾಹ್ನ ಆಲ್ಟರ್, ಅಂದರೆ ಚರ್ಚಿನ ಮುಂದಿರುವ ಆರಾಧನೆಯ ಮೇಜು, ಸಿದ್ಧ ಮಾಡುವುದು. ಇದಕ್ಕೆ ಇಬ್ಬಿಬ್ಬರ ಜೋಡಿ, ತಿಂಗಳಿಗೊಂದು ಜೋಡಿ. ಒಬ್ಬರು ಹಳಬರು, ಒಬ್ಬರು ಹೊಸಬರು. ಕೆಲಸ ಕೈಯಿಂದ ಕೈಗೆ ದಾಟಬೇಕೆಂದೇ ಹೀಗೆ. ಮೊದಲು ಕಾಲ ನೋಡಿ ಬಟ್ಟೆ. ಕ್ರಿಸ್ಮಸ್ ಮತ್ತು ಈಸ್ಟರ್‌ಗೆ ಬಿಳಿ, ಶ್ರಮಕಾಲಕ್ಕೆ ನೇರಳೆ, ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಪಂಚಾಶತ್ತಮ ದಿನಕ್ಕೂ, ಲೂಥರನ ಸುಧಾರಣೆಯನ್ನು ನೆನೆಯುವ ಅಕ್ಟೋಬರ್ ಕೊನೆಯ ಭಾನುವಾರಕ್ಕೂ ಕೆಂಪು, ಬೇಸಿಗೆಯಿಂದ ನವೆಂಬರ್‌ವರೆಗಿನ ಉದ್ದದ ಕಾಲಕ್ಕೆ ಹಸಿರು. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲಕ್ಕೆ ಕೆಲವು ಸಭೆಗಳಲ್ಲಿ ನೇರಳೆ, ನಮ್ಮಲ್ಲಿ ನೀಲಿ.

ರೊಟ್ಟಿಯನ್ನು ಸಭೆಯ ಒಬ್ಬರು ಮನೆಯಲ್ಲೇ ಸುಡುತ್ತಾರೆ. ಗೋಧಿ ಆಗದವರಿಗೆ ಬೇರೆ ತಟ್ಟೆ. ಅದನ್ನು ಇಡುವಾಗ ಕೈ ತೊಳೆದುಕೊಂಡು ಮೊದಲು ಅದನ್ನೇ ಇಡಬೇಕು, ಗೋಧಿ ರೊಟ್ಟಿ ಮುಟ್ಟಿದ ಕೈಯಲ್ಲಿ ಅಲ್ಲ. ದ್ರಾಕ್ಷಾರಸದ ಜೊತೆ ಸಾದಾ ದ್ರಾಕ್ಷಿ ರಸವೂ ಇರುತ್ತದೆ. ಕುಡಿತ ಬಿಟ್ಟವರು, ಮಕ್ಕಳು ಅದನ್ನು ತೆಗೆದುಕೊಳ್ಳುತ್ತಾರೆ. ಎರಡಕ್ಕೂ ಬೇರೆ ಬೇರೆ ಬಣ್ಣ ಇರುವಂತೆ ನೋಡಿಕೊಂಡರೆ ಯಾರೂ ಕೇಳಬೇಕಾಗಿಲ್ಲ. ಉಳಿದ ದ್ರಾಕ್ಷಾರಸವನ್ನು ಸಿಂಕಿಗೆ ಸುರಿಯುವುದಿಲ್ಲ. ಹೊರಗೆ ಮಣ್ಣಿಗೆ ಸುರಿಯುತ್ತೇವೆ. ಬಟ್ಟಲು ಒರೆಸಿದ ಬಟ್ಟೆ ತೊಳೆದ ಮೊದಲ ನೀರೂ ಮಣ್ಣಿಗೇ. ಮೇಣ ಬಿದ್ದ ಬಟ್ಟೆಯನ್ನು ಸ್ವಲ್ಪ ಹೊತ್ತು ಫ್ರೀಜರ್‌ನಲ್ಲಿಟ್ಟರೆ ಮೇಣ ಪುಡಿಯಾಗಿ ಎದ್ದು ಬರುತ್ತದೆ. ಉಳಿದ ಕಲೆಗೆ ಮೇಲೂ ಕೆಳಗೂ ಕಂದು ಕಾಗದ ಇಟ್ಟು ಇಸ್ತ್ರಿ ಮಾಡಬೇಕು.

ಭಾನುವಾರದ ಆರಾಧನೆ ತಾನಾಗಿ ಸಾಗುತ್ತದೆ. ನಮ್ಮ ಆರ್ಗನ್ ನುಡಿಸುವವರು ತಿಂಗಳಲ್ಲಿ ಎರಡು ವಾರ ಮಾತ್ರ ಸಿಗುತ್ತಾರೆ. ಉಳಿದ ವಾರ ರೆಕಾರ್ಡಿಂಗ್ ಹಾಕುವ ಬದಲು, ಗಟ್ಟಿ ದನಿಯ ಇಬ್ಬರನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ ಬರೀ ಕಂಠದಲ್ಲೇ ಹಾಡುತ್ತೇವೆ. ಆಗ ಎಲ್ಲರಿಗೂ ಬರುವ ಹಾಡನ್ನೇ ಆರಿಸಬೇಕು. ಪಾಸ್ಟರ್ ಇಲ್ಲದ ದಿನ ಸಭೆಯವರೊಬ್ಬರು ಬೈಬಲ್ ಪಾಠ, ಪ್ರಾರ್ಥನೆಗಳಷ್ಟೇ ಇರುವ ವಾಕ್ಯದ ಆರಾಧನೆ ನಡೆಸುತ್ತಾರೆ. ಅವತ್ತು ಕರ್ತನ ಭೋಜನ ಇರುವುದಿಲ್ಲ.

ಆರಾಧನೆ ಮುಗಿದ ಮೇಲೆ ಎಲ್ಲರೂ ನೆಲಮಾಳಿಗೆಗೆ ಇಳಿಯುತ್ತಾರೆ. ಅಲ್ಲಿ ಕಾಫಿ. ಹಬ್ಬದ ದಿನಗಳಲ್ಲಿ ಹಳೇ ಸ್ಕ್ಯಾಂಡಿನೇವಿಯನ್ ಮನೆತನದವರು ಮೊಟ್ಟೆ ಕಾಫಿ ಮಾಡುತ್ತಾರೆ. ಹಸಿ ಮೊಟ್ಟೆಯನ್ನು ಕಾಫಿ ಪುಡಿಗೆ ಕಲಸಿ ಕುದಿಯುವ ನೀರಿಗೆ ಹಾಕುವುದು. ಮೊಟ್ಟೆ ಗಟ್ಟಿಯಾಗುತ್ತಾ ಪುಡಿಯನ್ನೆಲ್ಲಾ ಹಿಡಿದುಕೊಳ್ಳುತ್ತದೆ. ಮೇಲೆ ಒಂದು ಲೋಟ ತಣ್ಣೀರು ಸುರಿದರೆ ಅದು ತಳಕ್ಕೆ ಕೂರುತ್ತದೆ. ಕಾಫಿ ತಿಳಿಯಾಗಿ, ಸ್ವಲ್ಪವೂ ಕಹಿ ಇಲ್ಲದೆ ಇಳಿಯುತ್ತದೆ. ಮೊಟ್ಟೆಯ ವಾಸನೆ ಬರುವುದಿಲ್ಲ. ಫಿಲ್ಟರ್ ಕಾಫಿಯ ಊರಿಂದ ಬಂದವಳಾಗಿ ಹೇಳುತ್ತೇನೆ, ಒಮ್ಮೆ ಮಾಡಿ ನೋಡಿ.

ಅದೇ ಹೊತ್ತಿಗೆ ಆಫೀಸಿನಲ್ಲಿ ಇಬ್ಬರು ಕಾಣಿಕೆ ಎಣಿಸುತ್ತಿರುತ್ತಾರೆ. ಯಾವಾಗಲೂ ಇಬ್ಬರು, ಒಂದೇ ಮನೆಯವರಲ್ಲ. ಎಣಿಸಿದವರು ಲೆಕ್ಕದ ಪುಸ್ತಕ ಬರೆಯುವುದಿಲ್ಲ, ಪುಸ್ತಕ ಬರೆಯುವ ಖಜಾಂಚಿ ಎಣಿಸುವುದಿಲ್ಲ. ಎಲ್ಲರೂ ನಂಬಿಕಸ್ಥರೇ ಇದ್ದಾಗಲೂ ಇದನ್ನು ಬಿಡಬಾರದು. ನಂಬಿಕಸ್ಥರ ಮೇಲೆ ಮಾತು ಬರದಂತೆ ಕಾಯುವುದು ಈ ಪದ್ಧತಿಯೇ.

ವಾರದ ಕ್ರಮವೆಲ್ಲಾ ಪಕ್ಕಕ್ಕೆ ಸರಿಯುವುದು ಸಾವಿನ ಸುದ್ದಿ ಬಂದಾಗ. ನಮ್ಮ ಹೆಂಗಸರ ಗುಂಪುಗಳಿಗೆ ಬೈಬಲಿನ ಹೆಣ್ಣುಮಕ್ಕಳ ಹೆಸರು: ರೂತ್, ಎಸ್ತೇರ್, ದೊರ್ಕ. ಆ ತಿಂಗಳು ಯಾವ ಗುಂಪಿನ ಸರದಿಯೋ ಅವರು ಮಣ್ಣಿನ ದಿನದ ಊಟ ನೋಡಿಕೊಳ್ಳುತ್ತಾರೆ. ಬನ್ನಿನೊಳಗೆ ಹ್ಯಾಮ್, ಆಲೂಗಡ್ಡೆ ಸಲಾಡ್, ಉಪ್ಪಿನಕಾಯಿ, ಬಾರ್ಸ್ ಎಂದು ಕರೆಯುವ ಸಿಹಿ ತುಂಡುಗಳು. ಪ್ರತಿ ಸಲ ಇದೇ. ಮೊದಲಿಗೆ ಇದೇಕೆ ಯಾವಾಗಲೂ ಒಂದೇ ಊಟ ಎಂದು ನಾನು ಕೇಳಿದ್ದೆ. ಒಬ್ಬ ಹಿರಿಯರು ಹೇಳಿದರು: ದುಃಖದಲ್ಲಿರುವ ಮನೆಯವರನ್ನು "ಊಟಕ್ಕೇನು ಮಾಡಲಿ?" ಎಂದು ಕೇಳುವ ಹಾಗೇ ಇರಬಾರದು. ಮನೆಯವರಿಗೆ ನಾವು ಕೇಳುವುದು ಎಷ್ಟು ಜನ ಬರಬಹುದು ಎಂಬುದೊಂದೇ. ನನ್ನ ಪಾಲಿಗೆ ಬಂದಿರುವುದು ಕೂತು ಮಾಡುವ ಕೆಲಸ. ತೀರಿಕೊಂಡವರ ದೀಕ್ಷಾಸ್ನಾನದ ದಿನ, ದೃಢೀಕರಣದ ದಿನ, ಮದುವೆಯ ದಿನ ಸಭೆಯ ಹಳೇ ದಪ್ಪ ಪುಸ್ತಕಗಳಲ್ಲಿ ಹುಡುಕಿ ಹಾಳೆಗೆ ಹಾಕುತ್ತೇನೆ. ಹಳೇ ಪುಟಗಳು ನಾರ್ವೇಜಿಯನ್ ಭಾಷೆಯಲ್ಲಿವೆ. ಹೆಸರು, ತಾರೀಕು ಓದುವಷ್ಟು ಕಲಿತಿದ್ದೇನೆ.

ಮನೆಯಲ್ಲೇ ಇರುವವರನ್ನು, ವೃದ್ಧಾಶ್ರಮದಲ್ಲಿ ಇರುವವರನ್ನು ಪಾಸ್ಟರ್ ಒಬ್ಬರೇ ನೋಡಲಾಗುವುದಿಲ್ಲ. ಭಾನುವಾರದ ಮೇಜಿನಿಂದಲೇ ರೊಟ್ಟಿ, ದ್ರಾಕ್ಷಾರಸ ಸಣ್ಣ ಪೆಟ್ಟಿಗೆಯಲ್ಲಿ ಹಾಕಿಕೊಂಡು ತರಬೇತಿ ಪಡೆದ ನಾವು ಕೆಲವರು ಹೋಗುತ್ತೇವೆ. ಅಲ್ಲಿಗೆ ಹೊಸ ಅನುವಾದದ ಹಾಳೆ ಒಯ್ಯಬೇಡಿ. ಅವರು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಮಾತುಗಳಲ್ಲೇ ಕರ್ತನ ಪ್ರಾರ್ಥನೆ ಹೇಳಿಸಿ, ಅವರು ಸಲೀಸಾಗಿ ಜೊತೆಗೂಡುತ್ತಾರೆ.

ಹೊಸದಾಗಿ ಒಂದು ಸಂಸಾರ ಬರಲು ಶುರುಮಾಡಿದೆ. ಗಂಡ ಹೆಂಡತಿ ಇಬ್ಬರೂ ಊರಾಚೆಯ ಕಾರ್ಖಾನೆಯಲ್ಲಿ ಪಾಳಿ ಕೆಲಸದವರು. ಅವರಿಗೆ ಭಾನುವಾರ ಪ್ರತಿ ವಾರ ಬಿಡುವಿಲ್ಲ. ಮೂರನೇ ಸಲ ಬಂದಾಗ ನಾನು ಹೆಂಡತಿಯನ್ನು ಕೇಳಿದೆ, ನಿಮ್ಮ ಪಾಳಿಯ ಚೀಟಿ ಕೊಡ್ತೀರಾ ಅಂತ. ಅದನ್ನು ನೋಡಿಯೇ ಮುಂದಿನ ಮೂರು ತಿಂಗಳ ಪಟ್ಟಿ ಮಾಡಿದೆ. ಬಿಡುವಿರುವ ಭಾನುವಾರ ಗಂಡ ಬಾಗಿಲಲ್ಲಿ ಹಾಳೆ ಕೊಡುತ್ತಾರೆ, ಮಗಳು ಮೇಣದಬತ್ತಿ ಹಚ್ಚುತ್ತಾಳೆ. ಹೆಂಡತಿಗೆ ಹೊಲಿಗೆ ಬರುತ್ತದಂತೆ. ಅವರ ಗುರುವಾರಗಳೂ ಖಾಲಿ ಇವೆಯೇ ಎಂದು ಈ ವಾರ ಫೋನ್ ಮಾಡಿ ಕೇಳಬೇಕು.