ಕ್ಲಾಸ್ ಟೈಮ್‌ಟೇಬಲ್: ಮೊದಲು ಎಣಿಸಿ, ಆಮೇಲೆ ಗೆರೆ ಹಾಕಿ

ಸೆಮಿಸ್ಟರ್ ಶುರುವಾಗಲು ಎರಡು ವಾರ ಇರುವಾಗ ವಿಭಾಗದಲ್ಲಿ ಯಾರಾದರೂ ಒಬ್ಬರ ಹೆಗಲಿಗೆ ಈ ಕೆಲಸ ಬೀಳುತ್ತದೆ. ‘ಈ ಸಲ ಟೈಮ್‌ಟೇಬಲ್ ನೀವೇ ಮಾಡಿಬಿಡಿ.’ ಎಷ್ಟೋ ಸಲ ಅದು ಹೊಸದಾಗಿ ಸೇರಿದ ಮೇಷ್ಟ್ರ ಪಾಲಿಗೆ ಬರುತ್ತದೆ. ನನಗೂ ಹಾಗೇ ಬಂತು. ಹಾಳೆಯ ಮೇಲೆ ಚೌಕಗಳನ್ನು ಹಾಕಿ, ಸೋಮವಾರದ ಮೊದಲ ಪೀರಿಯಡ್‌ನಿಂದ ತುಂಬುತ್ತ ಹೋದೆ. ಬುಧವಾರದವರೆಗೆ ಸಲೀಸಾಗಿ ಸಾಗಿತು. ಗುರುವಾರ ಬಂದಾಗ ಲ್ಯಾಬ್‌ಗೆ ಬೇಕಾದ ಮೂರು ಗಂಟೆ ಒಟ್ಟಿಗೆ ಖಾಲಿ ಇರುವ ಜಾಗ ಎಲ್ಲೂ ಉಳಿದಿರಲಿಲ್ಲ. ಪೂರ್ತಿ ಅಳಿಸಿ ಮತ್ತೆ ಮೊದಲಿನಿಂದ ಶುರು ಮಾಡಿದೆ.

ಅವತ್ತಿನಿಂದ ನಾನು ಬಿಡದೆ ಪಾಲಿಸುವ ಕ್ರಮ ಒಂದೇ. ಯಾವುದಕ್ಕೆ ಜಾಗ ಸಿಗುವುದು ಕಷ್ಟವೋ ಅದಕ್ಕೆ ಮೊದಲು ಜಾಗ ಕೊಡಬೇಕು. ಎಲ್ಲಿ ಬೇಕಾದರೂ ಕೂರುವ ಥಿಯರಿ ಕ್ಲಾಸ್ ಕೊನೆಗೆ. ಹೇಳುವುದು ಸುಲಭ. ಆದರೆ ಯಾವುದು ಕಷ್ಟ ಎಂದು ಗೊತ್ತಾಗಬೇಕಾದರೆ ಮೊದಲು ಕೂತು ಲೆಕ್ಕ ಹಾಕಬೇಕು.

ಲೆಕ್ಕದ ದಿನ

ಒಂದು ಇಡೀ ದಿನವನ್ನು ಇದಕ್ಕೇ ಇಟ್ಟುಕೊಳ್ಳಿ. ಅವತ್ತು ಟೈಮ್‌ಟೇಬಲ್‌ನ ಒಂದು ಚೌಕವನ್ನೂ ತುಂಬಬೇಡಿ. ಯಾವ ವಿಷಯಕ್ಕೆ ವಾರಕ್ಕೆ ಎಷ್ಟು ಗಂಟೆ, ಎಷ್ಟು ವಿದ್ಯಾರ್ಥಿಗಳು, ಯಾರು ಪಾಠ ಮಾಡುತ್ತಾರೆ, ಯಾವ ಕೊಠಡಿಯಲ್ಲಿ ಎಷ್ಟು ಜನ ಕೂರಬಹುದು, ಇಷ್ಟನ್ನು ಬರೆದುಕೊಳ್ಳಿ. ಕೊಠಡಿಯ ಸೀಟುಗಳನ್ನು ಹಳೆಯ ಕಡತದಿಂದ ಎತ್ತಿಕೊಳ್ಳಬೇಡಿ, ಹೋಗಿ ಎಣಿಸಿ. ಕಡತದಲ್ಲಿ 60 ಎಂದಿರುತ್ತದೆ, ಮುರಿದ ಬೆಂಚುಗಳನ್ನು ಕಳೆದರೆ 52 ಇರುತ್ತದೆ.

ಲ್ಯಾಬ್‌ನ ಲೆಕ್ಕ ತುಂಬ ಮುಖ್ಯ. ವಾರಕ್ಕೆ 5 ದಿನ, ದಿನಕ್ಕೆ ಒಂದೊಂದು ಗಂಟೆಯ 7 ಪೀರಿಯಡ್, ನಾಲ್ಕನೆಯದರ ನಂತರ ಊಟದ ಬಿಡುವು ಅಂದುಕೊಳ್ಳಿ. ಒಟ್ಟು 35 ಪೀರಿಯಡ್. ಒಂದು ಕ್ಲಾಸ್‌ನಲ್ಲಿ 60 ವಿದ್ಯಾರ್ಥಿಗಳು, ಲ್ಯಾಬ್‌ನಲ್ಲಿ 20 ಕಂಪ್ಯೂಟರ್. ಹಾಗಾದರೆ 3 ಬ್ಯಾಚ್ ಆಗುತ್ತದೆ. ಒಂದೊಂದು ಬ್ಯಾಚ್‌ಗೂ ವಾರಕ್ಕೆ 3 ಗಂಟೆ ಎಂದರೆ ಒಂದೇ ವಿಷಯ ಲ್ಯಾಬನ್ನು 9 ಗಂಟೆ ಹಿಡಿದಿಡುತ್ತದೆ. ಬೇರೆ ಬೇರೆ ವರ್ಷದ ನಾಲ್ಕು ಕ್ಲಾಸ್‌ಗಳಿಗೆ ಇದೇ ಲ್ಯಾಬ್ ಬೇಕಾದರೆ 36 ಗಂಟೆ. ಇರುವುದೇ 35. ಎಷ್ಟೇ ಜಾಣತನದಿಂದ ಜೋಡಿಸಿದರೂ ಇದು ಕೂರುವುದಿಲ್ಲ.

ಸರಿ, ಮೂರು ಕ್ಲಾಸ್ ಮಾತ್ರ ಎಂದುಕೊಳ್ಳೋಣ. 27 ಗಂಟೆ ಬೇಕು, 35 ಇದೆ. ಆರಾಮ ಅನ್ನಿಸುತ್ತದೆ, ಅಲ್ವಾ? ಇಲ್ಲೇ ಎಡವುವುದು. ಲ್ಯಾಬ್‌ಗೆ ಬಿಡಿ ಪೀರಿಯಡ್ ಸಾಲದು, ಮೂರು ಗಂಟೆ ಒಟ್ಟಿಗೆ ಬೇಕು. ಊಟಕ್ಕೆ ಮೊದಲಿನ ನಾಲ್ಕರಲ್ಲಿ ಒಂದು ಲ್ಯಾಬ್, ಊಟದ ನಂತರದ ಮೂರರಲ್ಲಿ ಇನ್ನೊಂದು. ದಿನಕ್ಕೆ ಎರಡೇ, ವಾರಕ್ಕೆ ಹತ್ತೇ. ಬೇಕಾಗಿರುವುದು ಒಂಬತ್ತು. ಉಳಿಯುವುದು ಒಂದೇ ಒಂದು. ಒಂದು ಮಧ್ಯಾಹ್ನ ಕಂಪ್ಯೂಟರ್ ರಿಪೇರಿಗೆ ಎಂದು ಬಿಟ್ಟರೆ ಅದೂ ಹೋಯಿತು.

ಈ ಲೆಕ್ಕವನ್ನು ಒಂದು ಪುಟದಲ್ಲಿ ಬರೆದು ವಿಭಾಗದ ಮುಖ್ಯಸ್ಥರಿಗೆ ಕೊಡಿ. ಇನ್ನೊಂದು ಲ್ಯಾಬ್ ಬೇಕು, ಅಥವಾ ಬ್ಯಾಚ್ ದೊಡ್ಡದು ಮಾಡಬೇಕು, ಅಥವಾ ಒಂದು ವಿಷಯ ಮುಂದಿನ ಸೆಮಿಸ್ಟರ್‌ಗೆ ಹೋಗಬೇಕು. ಆ ತೀರ್ಮಾನ ತೆಗೆದುಕೊಳ್ಳುವುದು ಅವರು. ಟೈಮ್‌ಟೇಬಲ್ ಮಾಡುವವರು ಸುಮ್ನೆ ಒಳಗೊಳಗೇ ಒದ್ದಾಡಬಾರದು.

ಅಲುಗಿಸಲಾಗದವು ಮೊದಲು

ಈಗ ಖಾಲಿ ಹಾಳೆ ತೆಗೆಯಿರಿ. ಮೊದಲು ಕೂರಬೇಕಾದದ್ದು ಬೇರೆ ವಿಭಾಗಗಳ ಜೊತೆ ಹಂಚಿಕೊಂಡ ಕ್ಲಾಸ್‌ಗಳು. ಭಾಷೆಯ ಕ್ಲಾಸ್‌ಗೆ ನಾಲ್ಕು ವಿಭಾಗದ ಮಕ್ಕಳು ಒಟ್ಟಿಗೆ ಬರುತ್ತಾರೆ ಎಂದರೆ ಆ ಗಂಟೆ ನಾಲ್ಕೂ ವಿಭಾಗಕ್ಕೆ ಒಂದೇ ಆಗಿರಬೇಕು. ಗಣಿತದ ಮೇಷ್ಟ್ರು ನಿಮ್ಮಲ್ಲೂ ಪಾಠ ಮಾಡುತ್ತಾರೆ, ಪಕ್ಕದ ವಿಭಾಗದಲ್ಲೂ ಮಾಡುತ್ತಾರೆ. ಇವನ್ನು ಫೋನಿನಲ್ಲಿ ಇತ್ಯರ್ಥ ಮಾಡಲು ಹೋಗಬೇಡಿ. ಎಲ್ಲ ವಿಭಾಗದವರು ಒಂದು ಮೇಜಿನ ಸುತ್ತ ಒಂದು ಗಂಟೆ ಕೂತರೆ ಸಾಕು, ಮುಗಿಯುತ್ತದೆ.

ಆಮೇಲೆ ಲ್ಯಾಬ್. ಒಂದು ಬ್ಯಾಚ್ ಲ್ಯಾಬ್‌ನಲ್ಲಿ ಇರುವಾಗ ಉಳಿದ ಎರಡು ಬ್ಯಾಚ್ ಏನು ಮಾಡುತ್ತವೆ ಎಂದು ಕೇಳಿಕೊಳ್ಳಿ. ಮೂರು ಲ್ಯಾಬ್ ವಿಷಯಗಳು ಇದ್ದರೆ ಸುತ್ತು ಹಾಕಿಸಬಹುದು. ಮೊದಲ ದಿನ ಎ ಬ್ಯಾಚ್ ಒಂದರಲ್ಲಿ, ಬಿ ಎರಡರಲ್ಲಿ, ಸಿ ಮೂರರಲ್ಲಿ. ಮುಂದಿನ ಸಲ ಒಂದೊಂದು ಮನೆ ಮುಂದೆ. ಮೂರು ಅರ್ಧದಿನಗಳಲ್ಲಿ ಮೂರೂ ಬ್ಯಾಚ್‌ಗೆ ಮೂರೂ ಲ್ಯಾಬ್ ಮುಗಿಯುತ್ತದೆ, ಯಾರೂ ಕಾರಿಡಾರ್‌ನಲ್ಲಿ ಕಾಯುವುದಿಲ್ಲ. ಈ ಸುತ್ತನ್ನು ಜೋಡಿಸದೆ ಒಂದೊಂದೇ ಬ್ಯಾಚ್‌ಗೆ ಲ್ಯಾಬ್ ಕೊಟ್ಟರೆ ಮಕ್ಕಳು ವಾರಕ್ಕೆ ಆರು ಗಂಟೆ ಕಾಲೇಜಿನಲ್ಲಿ ಸುಮ್ಮನೆ ಕೂರಬೇಕಾಗುತ್ತದೆ, ಅದೂ ಒಂದೇ ವಿಷಯಕ್ಕಾಗಿ.

ಮೂರನೆಯದು ಅತಿಥಿ ಉಪನ್ಯಾಸಕರು. ಅವರು ವಾರದಲ್ಲಿ ಎರಡೇ ದಿನ ಬರಬಲ್ಲವರಾಗಿದ್ದರೆ ಆ ಎರಡು ದಿನದಲ್ಲೇ ಅವರ ಗಂಟೆಗಳು ಕೂರಬೇಕು. ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಹಾಕಿ ಇಡೀ ದಿನ ಕಾಯಿಸಬೇಡಿ. ಅವರಲ್ಲಿ ಹಲವರಿಗೆ ಸಂಬಳ ಗಂಟೆಯ ಲೆಕ್ಕದಲ್ಲಿ. ಕಾಯುವ ಹೊತ್ತಿಗೆ ಯಾರೂ ಕೊಡುವುದಿಲ್ಲ.

ಎಲೆಕ್ಟಿವ್‌ಗೆ ಬಣ್ಣದ ಉಪಾಯ

ಎಲ್ಲಕ್ಕಿಂತ ಜಾಸ್ತಿ ತಲೆ ತಿನ್ನುವುದು ಎಲೆಕ್ಟಿವ್ ವಿಷಯಗಳು. ಒಂದೇ ಕ್ಲಾಸ್‌ನ ಮಕ್ಕಳು ಬೇರೆ ಬೇರೆ ವಿಷಯ ಆರಿಸಿಕೊಂಡಿರುತ್ತಾರೆ. ಯಾವುದರ ಎದುರು ಯಾವುದನ್ನು ಇಡಬಹುದು ಎಂದು ಕಣ್ಣಂದಾಜಿನಲ್ಲಿ ಹೇಳಲಾಗುವುದಿಲ್ಲ.

ಇದಕ್ಕೊಂದು ಚಂದದ ದಾರಿ ಇದೆ. ಪ್ರತಿ ವಿಷಯಕ್ಕೂ ಹಾಳೆಯ ಮೇಲೆ ಒಂದು ಸುತ್ತು ಬರೆಯಿರಿ. ಎರಡು ವಿಷಯಗಳನ್ನೂ ಒಬ್ಬನೇ ಒಬ್ಬ ವಿದ್ಯಾರ್ಥಿ ಓದುತ್ತಿದ್ದರೂ, ಅಥವಾ ಎರಡನ್ನೂ ಒಬ್ಬರೇ ಮೇಷ್ಟ್ರು ಕಲಿಸುತ್ತಿದ್ದರೂ, ಆ ಎರಡು ಸುತ್ತುಗಳ ನಡುವೆ ಗೆರೆ ಎಳೆಯಿರಿ. ಈಗ ಬಣ್ಣ ಹಚ್ಚಿ. ಗೆರೆ ಇರುವ ಎರಡು ಸುತ್ತಿಗೆ ಒಂದೇ ಬಣ್ಣ ಬರಬಾರದು, ಇದೊಂದೇ ನಿಯಮ. ಒಂದು ಬಣ್ಣ ಎಂದರೆ ಒಂದು ವೇಳೆ. ನೀಲಿ ಸುತ್ತುಗಳೆಲ್ಲ ಒಂದೇ ಹೊತ್ತಿಗೆ ನಡೆಯಬಹುದು, ಯಾರಿಗೂ ಕ್ಲ್ಯಾಶ್ ಆಗುವುದಿಲ್ಲ.

ಯಾವ ಸುತ್ತಿನಿಂದ ಶುರು ಮಾಡಬೇಕು? ವೆಲ್ಶ್ ಮತ್ತು ಪೊವೆಲ್ ಎಂಬ ಇಬ್ಬರು 1967ರಲ್ಲಿ ಟೈಮ್‌ಟೇಬಲ್ ಸಮಸ್ಯೆಯನ್ನೇ ಮುಂದಿಟ್ಟುಕೊಂಡು ಇದಕ್ಕೆ ಒಂದು ಕ್ರಮ ಬರೆದರು. ಅತಿ ಹೆಚ್ಚು ಗೆರೆಗಳಿರುವ ಸುತ್ತಿಗೆ ಮೊದಲು ಬಣ್ಣ, ಆಮೇಲೆ ಇಳಿಯುತ್ತ ಬನ್ನಿ. ನೋಡಿ, ಇಲ್ಲೂ ಅದೇ ಮಾತು. ಇಕ್ಕಟ್ಟಿನಲ್ಲಿ ಇರುವುದಕ್ಕೆ ಮೊದಲ ಜಾಗ. ಈ ಕ್ರಮದಿಂದ ಯಾವಾಗಲೂ ಅತಿ ಕಡಿಮೆ ಬಣ್ಣದಲ್ಲೇ ಮುಗಿಯುತ್ತದೆ ಎಂದೇನಿಲ್ಲ. ಆದರೆ ಒಂದು ವಿಭಾಗದ ಮಟ್ಟಿಗೆ ಹಾಳೆಯ ಮೇಲೆ ಮಾಡಲು ಇದು ಧಾರಾಳ ಸಾಕು.

ಗೆರೆಗಳು ತೀರಾ ಜಾಸ್ತಿಯಾದರೆ ಎಲೆಕ್ಟಿವ್‌ಗಳನ್ನು ಗುಂಪು ಮಾಡಿ. ಮೊದಲ ಗುಂಪಿನ ನಾಲ್ಕು ವಿಷಯ ಒಂದೇ ವೇಳೆಯಲ್ಲಿ, ಎರಡನೆಯ ಗುಂಪಿನ ನಾಲ್ಕು ಇನ್ನೊಂದು ವೇಳೆಯಲ್ಲಿ. ವಿದ್ಯಾರ್ಥಿ ಒಂದೊಂದು ಗುಂಪಿನಿಂದ ಒಂದೊಂದು ಆರಿಸುತ್ತಾನೆ. ಆದರೆ ಗುಂಪು ಮಾಡುವ ಮೊದಲು ಮಕ್ಕಳನ್ನು ಕೇಳಿ. ತುಂಬ ಜನ ಒಟ್ಟಿಗೆ ಓದಲು ಬಯಸುವ ಎರಡು ವಿಷಯಗಳು ಒಂದೇ ಗುಂಪಿಗೆ ಬಿದ್ದರೆ, ಅವರ ಆಯ್ಕೆಯನ್ನು ನಾವೇ ಕಿತ್ತುಕೊಂಡಂತೆ. ಹಳೆಯ ಸೆಮಿಸ್ಟರ್‌ನ ವಿಷಯ ಉಳಿಸಿಕೊಂಡು ಮತ್ತೆ ಕೂರುವ ವಿದ್ಯಾರ್ಥಿಗಳ ಹೆಸರನ್ನೂ ಇಲ್ಲಿಯೇ ಸೇರಿಸಿ. ಈ ಮಕ್ಕಳನ್ನು ಮರೆಯುವುದು ಬಹಳ ಸುಲಭ.

ಕೂತ ಮೇಲೆ ತಿದ್ದುವುದು

ಥಿಯರಿ ಕ್ಲಾಸ್‌ಗಳನ್ನೂ ಉಳಿದ ಜಾಗದಲ್ಲಿ ತುಂಬಿದರೆ ಒಂದು ಕರಡು ಸಿಗುತ್ತದೆ. ಒಬ್ಬ ಮೇಷ್ಟ್ರು ಎರಡು ಕಡೆ ಇಲ್ಲ, ಒಂದು ಕೊಠಡಿಯಲ್ಲಿ ಎರಡು ಕ್ಲಾಸ್ ಇಲ್ಲ. ಮುರಿಯಲೇಬಾರದ ನಿಯಮಗಳು ಇಷ್ಟು. ಇಲ್ಲಿಗೇ ನಿಲ್ಲಿಸುವವರು ಹೆಚ್ಚು. ದಯವಿಟ್ಟು ನಿಲ್ಲಿಸಬೇಡಿ. ಜನ ಇಡೀ ಸೆಮಿಸ್ಟರ್ ಈ ಹಾಳೆಯೊಳಗೆ ಬದುಕಬೇಕು.

ಒಬ್ಬ ವಿದ್ಯಾರ್ಥಿಯ ಹೆಸರಿನಲ್ಲಿ ವಾರವನ್ನು ಓದಿ ನೋಡಿ. ಬೆಳಿಗ್ಗೆ ಒಂದು ಕ್ಲಾಸ್, ಆಮೇಲೆ ಮೂರು ಗಂಟೆ ಖಾಲಿ, ಸಂಜೆ ಇನ್ನೊಂದು. ದೂರದಿಂದ ಬರುವವಳಿಗೆ, ಓದಿನ ಜೊತೆ ಕೆಲಸ ಮಾಡುವವನಿಗೆ ಇಂಥ ದಿನ ದೊಡ್ಡ ಹೊರೆ. ನಾಲ್ಕು ಗಂಟೆ ಸತತವಾಗಿ ಥಿಯರಿ ಹಾಕುವುದೂ ತಪ್ಪೇ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹತ್ತು ನಿಮಿಷದ ನಡಿಗೆ ಇದ್ದು, ಕ್ಲಾಸ್‌ಗಳ ನಡುವೆ ಐದೇ ನಿಮಿಷ ಬಿಟ್ಟಿದ್ದರೆ ಪ್ರತಿ ದಿನವೂ ತಡ. ಆ ತಡಕ್ಕೆ ಹಾಜರಿ ಕಳೆದುಕೊಳ್ಳುವುದು ಮಾತ್ರ ವಿದ್ಯಾರ್ಥಿ.

ಒಂದೇ ವಿಷಯದ ಗಂಟೆಗಳನ್ನು ವಾರದಲ್ಲಿ ಹರಡಿ. ನೆನಪಿನ ಮೇಲೆ ಪ್ರಯೋಗ ಮಾಡಿದ ಹರ್ಮನ್ ಎಬ್ಬಿಂಗ್‌ಹೌಸ್, ಒಂದೇ ಸಲ ಉರು ಹೊಡೆಯುವುದಕ್ಕಿಂತ ದಿನ ಬಿಟ್ಟು ಬಿಟ್ಟು ಓದಿದ್ದು ಚೆನ್ನಾಗಿ ಉಳಿಯುತ್ತದೆ ಎಂದು 1885ರಲ್ಲೇ ಬರೆದಿದ್ದರು. ಹರಡುವುದಕ್ಕೆ ಇನ್ನೊಂದು ಕಾರಣ ಕ್ಯಾಲೆಂಡರ್. 15 ವಾರದ ಸೆಮಿಸ್ಟರ್‌ನಲ್ಲಿ ನಾಲ್ಕು ಸೋಮವಾರ ರಜೆ ಬಂದಿದೆ ಅನ್ನಿ. ವಾರಕ್ಕೆ ಎರಡು ಗಂಟೆಯ ವಿಷಯ ಎರಡನ್ನೂ ಸೋಮವಾರವೇ ಇಟ್ಟಿದ್ದರೆ 30ರಲ್ಲಿ 8 ಗಂಟೆ ಹೋಯಿತು. ಸೋಮವಾರ ಒಂದು, ಗುರುವಾರ ಒಂದು ಇಟ್ಟಿದ್ದರೆ ಹೋಗುವುದು 4.

ಮೇಷ್ಟ್ರುಗಳ ದಿನವನ್ನೂ ಹೀಗೇ ಓದಿ. ಸಂಜೆಯ ಕೊನೆಯ ಪೀರಿಯಡ್ ಯಾರಿಗೂ ಬೇಡ. ಯಾರಿಗೆ ಎಷ್ಟು ಕೊನೆಯ ಪೀರಿಯಡ್ ಬಂದಿದೆ ಎಂದು ಎಣಿಸಿ, ಪಕ್ಕದಲ್ಲಿ ಬರೆದಿಡಿ. ಗಟ್ಟಿಯಾಗಿ ಕೇಳುವವರಿಗೆ ಒಳ್ಳೆಯ ವೇಳೆ, ಸುಮ್ಮನಿರುವವರಿಗೆ ಉಳಿದದ್ದು ಎನ್ನುವುದು ಬಹಳ ಕಡೆ ನಡೆಯುತ್ತದೆ. ಇದು ನನಗೆ ನೋವು ಕೊಡುವ ವಿಷಯ. ಎಣಿಕೆ ಎಲ್ಲರ ಮುಂದಿದ್ದರೆ ಹಂಚಿಕೆ ತಾನಾಗಿ ಸರಿಹೋಗುತ್ತದೆ.

ಕೊಠಡಿಗಳ ವಿಚಾರ ಬೇಗ ಮುಗಿಯುತ್ತದೆ. ದೊಡ್ಡ ಕ್ಲಾಸ್‌ಗೆ ಮೊದಲು ದೊಡ್ಡ ಕೊಠಡಿ. 35ರಲ್ಲಿ 28 ಪೀರಿಯಡ್ ತುಂಬಿದ ಕೊಠಡಿ 80% ಬಳಕೆಯಲ್ಲಿದೆ ಅನ್ನಿಸಬಹುದು. ಆ ಹೊತ್ತಿನಲ್ಲಿ ಅರ್ಧ ಸೀಟು ಖಾಲಿ ಇದ್ದರೆ ನಿಜವಾದ ಬಳಕೆ 40% ಮಾತ್ರ. ನಡೆಯಲು ಕಷ್ಟವಿರುವ ವಿದ್ಯಾರ್ಥಿ ಇದ್ದರೆ ಆ ಕ್ಲಾಸ್‌ಗೆ ನೆಲಮಹಡಿ ಕೊಡುವುದನ್ನು ಮುರಿಯಬಾರದ ನಿಯಮಗಳ ಜೊತೆ ಸೇರಿಸಿ.

ಕಂಪ್ಯೂಟರ್ ಮಾಡಿಕೊಡುವುದಿಲ್ಲವೇ?

ಮಾಡಿಕೊಡುತ್ತದೆ, ಒಂದು ಮಟ್ಟಿಗೆ. ಹತ್ತೇ ಕ್ಲಾಸ್‌ಗಳನ್ನು 35 ಜಾಗಗಳಲ್ಲಿ ಹೇಗೆ ಬೇಕಾದರೂ ಇಡಬಹುದು ಎಂದರೆ 2,700 ಲಕ್ಷ ಕೋಟಿಗೂ ಹೆಚ್ಚು ಬಗೆ ಆಗುತ್ತದೆ. ಒಂದೊಂದನ್ನೇ ನೋಡಿ ಮುಗಿಸುವ ಕೆಲಸ ಅಲ್ಲ. ಎಂಥ ಟೈಮ್‌ಟೇಬಲ್‌ಗೂ ಬೇಗ ಉತ್ತರ ಕೊಡುವ ಸುಲಭ ಸೂತ್ರ ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಗಣಿತದಲ್ಲಿ ಅತಿ ಕಠಿಣ ಎನಿಸಿದ ಲೆಕ್ಕಗಳ ಸಾಲಿಗೇ ಇದು ಸೇರುತ್ತದೆ ಎಂದು 1976ರಲ್ಲಿ ತೋರಿಸಿದ್ದಾರೆ. ಹಾಗಾಗಿ ನಿಮಗೆ ಕಷ್ಟವಾಗುತ್ತಿದೆ ಎಂದರೆ ತಪ್ಪು ನಿಮ್ಮದಲ್ಲ.

ಎಫ್‌ಇಟಿ ಎನ್ನುವ ಉಚಿತ ಸಾಫ್ಟ್‌ವೇರ್ ಒಂದು ವಿಭಾಗಕ್ಕೆ ಅಥವಾ ಸಣ್ಣ ಕಾಲೇಜಿಗೆ ಹೊಂದುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಬೆಳೆದ ಯೂನಿಟೈಮ್ ದೊಡ್ಡ ವಿಶ್ವವಿದ್ಯಾಲಯಗಳಿಗೆ. ಎರಡಕ್ಕೂ ಲೆಕ್ಕದ ದಿನ ನೀವು ಬರೆದಿಟ್ಟ ಮಾಹಿತಿಯೇ ಆಹಾರ. ಅದು ತಪ್ಪಿದ್ದರೆ ಬರುವ ಟೈಮ್‌ಟೇಬಲ್ಲೂ ತಪ್ಪೇ. ನನ್ನ ಅನುಭವದಲ್ಲಿ ಇಪ್ಪತ್ತು ಮೂವತ್ತು ಕ್ಲಾಸ್‌ಗಳಿಗೆ ಬಣ್ಣದ ಚೀಟಿಗಳು ಮತ್ತು ದೊಡ್ಡ ಬೋರ್ಡ್ ಸಾಕು. ಒಬ್ಬ ಮೇಷ್ಟ್ರಿಗೆ ಒಂದು ಬಣ್ಣ ಕೊಟ್ಟರೆ ಒಂದೇ ವೇಳೆಯ ಸಾಲಿನಲ್ಲಿ ಒಂದೇ ಬಣ್ಣ ಎರಡು ಸಲ ಬಂದಾಗ ಕಣ್ಣಿಗೆ ತಕ್ಷಣ ಹೊಡೆಯುತ್ತದೆ.

ಹೊರಡಿಸಿದ ಮೇಲೆ

ಕರಡನ್ನು ಎಲ್ಲರಿಗೂ ಕೊಟ್ಟು ಮೂರು ದಿನ ಬಿಡಿ. ಲ್ಯಾಬ್ ಸಹಾಯಕರಿಗೆ, ಕ್ಲಾಸ್ ಪ್ರತಿನಿಧಿಗಳಿಗೆ ಕೂಡ ಕೊಡಿ. ನಾವು ಯಾರೂ ನೋಡದ ತಪ್ಪು ಅವರ ಕಣ್ಣಿಗೆ ಬೀಳುತ್ತದೆ. ಎರಡು ಲ್ಯಾಬ್‌ಗಳ ನಡುವೆ ಉಪಕರಣ ಜೋಡಿಸಲು ಅರ್ಧ ಗಂಟೆ ಬೇಕು ಎಂಬುದು ನನಗೆ ಲ್ಯಾಬ್ ಸಹಾಯಕರು ಹೇಳಿದ ಮೇಲೆಯೇ ಗೊತ್ತಾದದ್ದು.

ಹಾಳೆಯ ಮೂಲೆಯಲ್ಲಿ ತಾರೀಖು ಮತ್ತು ಪ್ರತಿಯ ಸಂಖ್ಯೆ ಇರಲಿ. ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ಹಳೆಯ ಫೋಟೊ ನಂಬಿ ಮಕ್ಕಳು ಬೇರೆ ಕೊಠಡಿಯ ಬಾಗಿಲಲ್ಲಿ ನಿಲ್ಲುವುದು ಇದರಿಂದ ತಪ್ಪುತ್ತದೆ. ನೋಟಿಸ್ ಬೋರ್ಡ್‌ನಲ್ಲಿ ಇರುವುದೇ ಸರಿಯಾದ ಪ್ರತಿ ಎಂದು ಮೊದಲ ದಿನವೇ ಹೇಳಿ.

ಇಬ್ಬರು ಮೇಷ್ಟ್ರುಗಳು ತಮ್ಮತಮ್ಮಲ್ಲೇ ಪೀರಿಯಡ್ ಬದಲಿಸಿಕೊಂಡರೆ ಕೊಠಡಿ ಕ್ಲ್ಯಾಶ್ ಆಗುತ್ತದೆ, ಒಂದು ಬ್ಯಾಚ್‌ಗೆ ಸುದ್ದಿ ತಲುಪುವುದಿಲ್ಲ. ಬದಲಾವಣೆ ಬೇಡ ಎನ್ನಬೇಡಿ, ಜೀವನದಲ್ಲಿ ಅವಸರಗಳು ಬಂದೇ ಬರುತ್ತವೆ. ಒಂದು ನೋಟ್‌ಬುಕ್ ಇಡಿ. ಯಾರು, ಯಾವ ದಿನ, ಯಾವುದಕ್ಕೆ ಬದಲು, ಯಾವ ಕೊಠಡಿ, ಮಕ್ಕಳಿಗೆ ಯಾರು ಹೇಳಿದರು, ಇಷ್ಟು ಬರೆಯುವುದು ಕಡ್ಡಾಯ ಮಾಡಿ.

ಆರನೆಯ ವಾರದಲ್ಲಿ ಒಮ್ಮೆ ಪ್ರತಿ ವಿಷಯಕ್ಕೆ ಎಷ್ಟು ಗಂಟೆ ನಡೆದಿದೆ ಎಂದು ಎಣಿಸಿ. ಸೋಮವಾರದ ಕ್ಲಾಸ್‌ಗಳು ಹಿಂದೆ ಬಿದ್ದಿದ್ದರೆ ಯಾವುದಾದರೂ ಒಂದು ಶನಿವಾರವನ್ನು ‘ಇವತ್ತು ಸೋಮವಾರದ ಟೈಮ್‌ಟೇಬಲ್’ ಎಂದು ಘೋಷಿಸಿ. ಇದನ್ನು ಎರಡು ವಾರ ಮೊದಲೇ ತಿಳಿಸಿ. ಕೊನೆಯ ವಾರದಲ್ಲಿ ಪಾಠ ತುರುಕುವುದಕ್ಕಿಂತ ಇದು ಎಷ್ಟೋ ಮೇಲು.

ಸೆಮಿಸ್ಟರ್ ಮುಗಿದಾಗ ಆ ನೋಟ್‌ಬುಕ್ ಎಸೆಯಬೇಡಿ. ಒಂದೇ ಪೀರಿಯಡ್ ಐದಾರು ಸಲ ಬದಲಾಗಿದ್ದರೆ ಅದರ ಪಕ್ಕ ಕೆಂಪು ಗುರುತು ಹಾಕಿ. ಸೀಟುಗಳ ಎಣಿಕೆ, ಲ್ಯಾಬ್‌ನ ಲೆಕ್ಕ, ಕೊನೆಯ ಪೀರಿಯಡ್ ಯಾರಿಗೆ ಎಷ್ಟು ಬಂತು ಎಂಬ ಪಟ್ಟಿ, ಎಲ್ಲವನ್ನೂ ಒಂದೇ ಫೈಲ್‌ನಲ್ಲಿ ಸೇರಿಸಿ. ಮುಂದಿನ ಸಲ ಈ ಕೆಲಸ ಯಾರ ಹೆಗಲಿಗೆ ಬೀಳುತ್ತದೋ ಅವರ ಮೇಜಿನ ಮೇಲೆ ಅದನ್ನು ಇಡಿ.